ಎತ್ತಿಗೆ ಸೋಮವಾರ ರಜೆ, ಅನುವಾದಕರಿಗೆ ಯಾವಾಗ?

(ಅಂತರರಾಷ್ಟ್ರೀಯ ಅನುವಾದ ದಿನದ ನೆಪದಲ್ಲಿ ಸೇರಿದ್ದ ಅನುವಾದಕರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಸೆಪ್ಟೆಂಬರ್ 30. ಬೈಬಲನ್ನು ಲ್ಯಾಟಿನ್‌ಗೆ ತಂದ ಸಂತ ಜೆರೋಮ್ 420ರಲ್ಲಿ ತೀರಿಕೊಂಡ ದಿನ. ಅದಕ್ಕೇ ಇದು ಅನುವಾದಕರ ದಿನವಾಯಿತು. 2017ರಲ್ಲಿ ವಿಶ್ವಸಂಸ್ಥೆಯೂ ಒಪ್ಪಿಕೊಂಡಿತು. ನಮ್ಮ ಪಂಚಾಂಗದಲ್ಲಿ ಈ ತಾರೀಖು ಸಾಮಾನ್ಯವಾಗಿ ಪಿತೃಪಕ್ಷಕ್ಕೋ ನವರಾತ್ರಿಗೋ ಬಂದು ಬೀಳುತ್ತದೆ. ಅಂದರೆ ಮನೆಯಲ್ಲಿ ಕೈತುಂಬ ಕೆಲಸ ಇರುವ ಹೊತ್ತಿಗೆ ನಮ್ಮ ಹಬ್ಬ. ಒಳಗೆ ಬರುವಾಗ ನೋಡಿದೆ, ಹಿಂದಿನ ಸಾಲಿನಲ್ಲಿ ಇಬ್ಬರು ಲ್ಯಾಪ್‌ಟಾಪ್ ತೆರೆದೇ ಕೂತಿದ್ದಾರೆ. ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾರೆ ಅಂತ ಅಂದುಕೊಳ್ಳುವಷ್ಟು ಮುಗ್ಧೆ ನಾನಲ್ಲ. ಅನುವಾದ ಮುಗಿಸಿ ಕಳಿಸುವ ಡೆಲಿವರಿ ಇದೆ, ಅಲ್ವಾ? ಮುಗಿಸಿ, ಪರವಾಗಿಲ್ಲ.

ನನಗೆ ಕೊಟ್ಟಿರುವ ವಿಷಯ ರಜೆ. ಫ್ರೀಲಾನ್ಸ್ ಅನುವಾದಕರಿಗೆ ರಜೆ ಅಂದರೆ ನಗು ಬರುತ್ತದೆ. ಕೆಲಸ ಇಲ್ಲದ ದಿನ ಇದ್ದೇ ಇರುತ್ತದಲ್ಲ, ಅದೇ ರಜೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕೆಲಸ ಇಲ್ಲದ ದಿನ ನಾವು ಏನು ಮಾಡುತ್ತೇವೆ ಹೇಳಿ? ಐದು ನಿಮಿಷಕ್ಕೊಮ್ಮೆ ಮೇಲ್ ನೋಡುತ್ತೇವೆ. ಅದು ಕಾಯುವ ದಿನ, ರಜೆಯಲ್ಲ.

ನಮ್ಮ ಕಡೆ ಬಹಳಷ್ಟು ಊರುಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಹೊಲ ಹದಕ್ಕೆ ಬಂದಿದ್ದರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಮಂಗಳವಾರ ಕಟಿಂಗ್ ಶಾಪ್‌ಗಳ ಬಾಗಿಲು ಹಾಕಿರುತ್ತದೆ. ಅಮಾವಾಸ್ಯೆ ಬಂದರೆ ಎಷ್ಟೋ ಊರಿನಲ್ಲಿ ಬಡಗಿ ಉಳಿ ಮುಟ್ಟುವುದಿಲ್ಲ, ಕಮ್ಮಾರ ಕುಲುಮೆ ಹೊತ್ತಿಸುವುದಿಲ್ಲ. ಆಯುಧ ಪೂಜೆಗೆ ಇಟ್ಟ ಕತ್ತರಿ, ಗರಗಸ, ಪಾನಾ ಯಾವುದನ್ನೂ ಆ ದಿನ ಎತ್ತಬಾರದು. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿವರೆಗೆ ಓದುವ ಹಾಗಿಲ್ಲ. ಚಿಕ್ಕಂದಿನಲ್ಲಿ ನಾವೆಲ್ಲ ಗಣಿತದ ಪುಸ್ತಕವನ್ನು ಭಕ್ತಿಯಿಂದ ಮೊದಲು ಇಟ್ಟವರೇ!

ಇವರಲ್ಲಿ ಯಾರಿಗೂ ಸಂಬಳ ಇರಲಿಲ್ಲ. ಎಲ್ಲರೂ ಸ್ವಂತ ದುಡಿಮೆಯವರು. ನಮ್ಮ ಹಾಗೆಯೇ ಮಾಡಿದ ಕೆಲಸಕ್ಕೆ ಮಾತ್ರ ದುಡ್ಡು. ಆದರೂ ಇವರಿಗೆ ರಜೆ ಇತ್ತು. ಹೇಗೆ? ದೇವರ ಭಯ ಒಂದು ಕಾರಣ, ಇರಲಿ. ಅದರ ಜೊತೆಗೆ ಇನ್ನೊಂದು ಇದೆ. ಮಂಗಳವಾರ ಊರಿನ ಎಲ್ಲ ಕಟಿಂಗ್ ಶಾಪ್ ಮುಚ್ಚಿರುವುದರಿಂದ ಯಾರಿಗೂ ಗಿರಾಕಿ ತಪ್ಪುವುದಿಲ್ಲ. ಗಿರಾಕಿ ಬುಧವಾರ ಬರುತ್ತಾನೆ, ತನ್ನ ಮಾಮೂಲಿ ಅಂಗಡಿಗೇ ಬರುತ್ತಾನೆ. ಒಬ್ಬನೇ ಬಾಗಿಲು ಹಾಕಿದರೆ ಅವನಿಗೆ ನಷ್ಟ. ಎಲ್ಲರೂ ಹಾಕಿದರೆ ಯಾರಿಗೂ ನಷ್ಟವಿಲ್ಲ. ಆ ರಜೆ ಯಾರೋ ಒಬ್ಬರ ಗಟ್ಟಿ ಮನಸ್ಸಿನಿಂದ ಬಂದದ್ದಲ್ಲ. ಕಸುಬಿನವರೆಲ್ಲ ಸೇರಿ ಮಾಡಿಕೊಂಡದ್ದು.

ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ. ನಮಗೆ ರಜೆ ಸಿಗದಿರುವುದಕ್ಕೆ ಕಾರಣ ನಾವು ಶಿಸ್ತಿಲ್ಲದವರು, ಹೆದರುಪುಕ್ಕರು ಅನ್ನುವುದಲ್ಲ. ನಾವು ಒಬ್ಬೊಬ್ಬರೇ ಇದ್ದೇವೆ, ಅದು ಕಾರಣ.

ಸಂಬಳದವರ ಕಥೆ ಬೇರೆ. ಅವರಿಗೂ ಅದು ಸುಮ್ನೆ ಬಂದಿಲ್ಲ. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಕಾರ್ಮಿಕರಿಗೆ ವಾರದ ರಜೆ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಅನ್ನುವವರು ಕಾರ್ಮಿಕರನ್ನು ಕಟ್ಟಿಕೊಂಡು ವರ್ಷಗಟ್ಟಲೆ ಅರ್ಜಿ ಕೊಟ್ಟು, ಸಭೆ ಮಾಡಿ, 1890ರ ಜೂನ್ 10ರಂದು ಭಾನುವಾರದ ರಜೆಯನ್ನು ಗಿರಣಿ ಮಾಲೀಕರ ಕೈಯಿಂದ ಪಡೆದರು. ಆಮೇಲೆ 1948ರ ಕಾರ್ಖಾನೆ ಕಾಯ್ದೆ ಬಂತು. 20 ದಿನದ ದುಡಿಮೆಗೆ ಒಂದು ದಿನದಂತೆ ಸಂಬಳದ ರಜೆ ಅಂತ ಅದರಲ್ಲಿ ಬರೆದರು. ಫ್ರಾನ್ಸಿನಲ್ಲಿ 1936ರಲ್ಲಿ ಎರಡು ವಾರ ಸಂಬಳದ ರಜೆ ಸಿಕ್ಕಿತು, ಈಗ ಅದು ಐದು ವಾರ. ಇಡೀ ಐರೋಪ್ಯ ಒಕ್ಕೂಟದಲ್ಲಿ ಕನಿಷ್ಠ ನಾಲ್ಕು ವಾರ. ಇವೆಲ್ಲ ನೌಕರರಿಗೆ. ನಾವು ನೌಕರರಲ್ಲ. ಹಾಗಂತ ಅಮಾವಾಸ್ಯೆಗೆ ಕೆಲಸ ನಿಲ್ಲಿಸುವ ಕಸುಬಿನವರೂ ಆಗಿ ಉಳಿದಿಲ್ಲ. ಆಯುಧ ಪೂಜೆಯ ದಿನ ಲ್ಯಾಪ್‌ಟಾಪ್‌ಗೆ ಕುಂಕುಮ ಹಚ್ಚಿ, ಹೂ ಇಟ್ಟು, ಆರತಿ ಎತ್ತಿ, ಹೂವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಫೈಲ್ ತೆರೆಯುತ್ತೇವೆ.

ಈಗ ನಮ್ಮ ಕೆಲಸದ ನಡೆ ನೋಡಿ. ಅನುವಾದದ ಕೆಲಸ ಹಂಚುವ ಏಜೆನ್ಸಿಯ ಪೋರ್ಟಲ್‌ನಲ್ಲಿ ಕೆಲಸ ಬಿದ್ದ ತಕ್ಷಣ ಹತ್ತಾರು ಜನರಿಗೆ ಒಂದೇ ಸಲ ಮೇಲ್ ಹೋಗುತ್ತದೆ. ಯಾರು ಮೊದಲು ಕ್ಲಿಕ್ ಮಾಡುತ್ತಾರೋ ಅವರಿಗೆ ಕೆಲಸ. ಊಟಕ್ಕೆ ಕೂತಿದ್ದೆ ಅಂದರೆ ಹೋಯಿತು. ಯುರೋಪಿನವರ ಬೆಳಗಿನ ಒಂಬತ್ತು ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಅಮೆರಿಕದ ಪಶ್ಚಿಮ ಕರಾವಳಿಯವರ ಒಂಬತ್ತು ನಮ್ಮ ರಾತ್ರಿ ಒಂಬತ್ತೂವರೆ, ಇಲ್ಲಾ ಹತ್ತೂವರೆ. ಬೆಂಗಳೂರಿನ ಏಜೆನ್ಸಿ ಬೆಳಗ್ಗೆ ಹತ್ತಕ್ಕೆ ಶುರು. ಮೂರೂ ಕಡೆಯ ಕೆಲಸ ಇಟ್ಟುಕೊಂಡವರ ದಿನಕ್ಕೆ ಬಾಗಿಲು ಹಾಕುವ ಹೊತ್ತೇ ಇಲ್ಲ. ಶುಕ್ರವಾರ ಸಂಜೆ ಬರುವ ಫೈಲ್‌ಗಳ ಬಗ್ಗೆ ನಾನು ಹೇಳಬೇಕಾಗಿಲ್ಲ. ಕಳಿಸುವವರು ವೀಕೆಂಡ್‌ಗೆ ಹೊರಡುವ ಮುಂಚೆ ಮೇಜು ಖಾಲಿ ಮಾಡುತ್ತಾರೆ, ಆ ಗುಡ್ಡೆ ನಮ್ಮ ಶನಿವಾರದ ಮೇಲೆ ಬಂದು ಬೀಳುತ್ತದೆ. ಡಿಸೆಂಬರ್ 20 ದಾಟಿದ ಮೇಲೂ ಇದೇ ಆಟ. ‘ನಾವು ಜನವರಿ 2ಕ್ಕೆ ವಾಪಸ್, ಅಷ್ಟರಲ್ಲಿ ಮುಗಿಸಿ’ ಅಂತ ಒಂದು ಸಾಲು ಬರೆದು ಹೊರಟುಬಿಡುತ್ತಾರೆ.

ಒಂದು ವಿಚಿತ್ರ ಗಮನಿಸಿದ್ದೀರಾ? ನಮ್ಮ ರಜೆಯನ್ನು ಅತಿ ಸಲೀಸಾಗಿ ಒಪ್ಪಿಕೊಳ್ಳುವವರು ಇದೇ ಯುರೋಪಿನ ಪ್ರಾಜೆಕ್ಟ್ ಮ್ಯಾನೇಜರ್‌ಗಳು. ಆಗಸ್ಟ್‌ನಲ್ಲಿ ಅವರ ಮೇಲ್‌ಗೆ ಬರೆದು ನೋಡಿ. ಎರಡು ವಾರ, ಮೂರು ವಾರ ಇರುವುದಿಲ್ಲ ಅಂತ ಆಟೋ ರಿಪ್ಲೈ ಬರುತ್ತದೆ. ಅವರಿಗೆ ರಜೆ ಎಂಬುದು ಮಳೆಗಾಲದಷ್ಟೇ ಸಹಜ. ಮಳೆ ಬರುತ್ತದೆ, ಕೊಡೆ ಇಟ್ಟುಕೊಳ್ಳಬೇಕು, ಅಷ್ಟೇ. ‘ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಾನಿಲ್ಲ’ ಅಂದರೆ ‘ಎಂಜಾಯ್’ ಅಂತಾರೆ, ಮುಗಿಯಿತು. ನಾವೋ, ಅತ್ತೆಗೆ ಹುಷಾರಿಲ್ಲ, ಅಣ್ಣನ ಮಗನ ಮದುವೆ, ಕರೆಂಟ್ ಇಲ್ಲ, ನೆಟ್ ಇಲ್ಲ ಅಂತೆಲ್ಲ ಕಥೆ ಕಟ್ಟುತ್ತೇವೆ. ಬದುಕಿರುವ ಅತ್ತೆಯನ್ನು ಪಾಪ ಎಷ್ಟು ಸಲ ಆಸ್ಪತ್ರೆಗೆ ಸೇರಿಸುವುದು! ಕಾರಣ ಹೇಳಿದ ತಕ್ಷಣ ಅದು ಚೌಕಾಸಿಗೆ ಬಾಗಿಲು ತೆರೆದ ಹಾಗೆ. ಮದುವೆ ಮುಗಿಸಿ ರಾತ್ರಿ ಸ್ವಲ್ಪ ಮಾಡಬಹುದಾ ಅಂತ ಕೇಳುತ್ತಾರೆ. ಕಾರಣ ಬೇಡ, ತಾರೀಖು ಸಾಕು.

ಆ ತಾರೀಖನ್ನು ಯಾವಾಗ ಹೇಳಬೇಕು? ಒಂದು ತಿಂಗಳ ಮುಂಚೆ ಒಂದು ಸಲ. ಒಂದು ವಾರದ ಮುಂಚೆ ಇನ್ನೊಂದು ಸಲ. ನಡುವೆ ಮೇಲ್‌ನ ಕೆಳಗೆ, ಹೆಸರಿನ ಅಡಿಯಲ್ಲಿ ಒಂದು ಸಾಲು. ಪೋರ್ಟಲ್‌ನಲ್ಲಿ ಕ್ಯಾಲೆಂಡರ್ ಇದ್ದರೆ ಅದರಲ್ಲೂ ಗುರುತು ಮಾಡಿ, ಎಷ್ಟೋ ಮ್ಯಾನೇಜರ್‌ಗಳು ಅದನ್ನು ಮಾತ್ರ ನೋಡುವುದು. ಒಂದು ಸಣ್ಣ ಕಿವಿಮಾತು: ಹೊರಡುವ ಹಿಂದಿನ ದಿನದಿಂದಲೇ ರಜೆ ಅಂತ ಹೇಳಿ. ವಾಪಸ್ ಬಂದ ಮಾರನೆಯ ದಿನವನ್ನೂ ರಜೆಗೇ ಸೇರಿಸಿ. ಬಸ್ ಹತ್ತುವ ದಿನ ಬೆಳಗ್ಗೆ ಡೆಲಿವರಿ ಇಟ್ಟುಕೊಂಡವರ ಪಾಡು ಈ ಸಭೆಯಲ್ಲಿ ಎಲ್ಲರಿಗೂ ಗೊತ್ತು.

ಲ್ಯಾಪ್‌ಟಾಪ್ ಜೊತೆಗಿರಲಿ, ಬೇಕಾದರೆ ಮಾಡೋಣ ಅಂತ ಹೊರಡುವುದೂ ಒಂದಿದೆಯಲ್ಲ, ಅದರ ಬಗ್ಗೆ ನನ್ನ ಅಭಿಪ್ರಾಯ ಖಾರವಾಗಿದೆ. ಸಿರ್ಸಿ ಕಡೆಯ ಹೋಮ್‌ಸ್ಟೇಗೆ ಹೋಗಿ, ಸಿಗ್ನಲ್ ಸಿಗದೆ, ಗುಡ್ಡದ ತುದಿಗೆ ಹೋಗಿ ಫೋನ್ ಎತ್ತಿ ಹಿಡಿದು ನಿಲ್ಲುವುದು ರಜೆಯೂ ಅಲ್ಲ, ಕೆಲಸವೂ ಅಲ್ಲ. ಮನೆಯವರಿಗೂ ಕೋಪ, ಕ್ಲೈಂಟಿಗೂ ಕೋಪ. ಕೆಲಸ ಮಾಡಲೇಬೇಕಾದರೆ ಮನೆಯಲ್ಲೇ ಇದ್ದು ಮಾಡಿ, ಟಿಕೆಟ್ ದುಡ್ಡಾದರೂ ಉಳಿಯುತ್ತದೆ.

ಈಗ ದುಡ್ಡಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವರ್ಷಕ್ಕೆ 365 ದಿನ. ಶನಿವಾರ, ಭಾನುವಾರ ತೆಗೆದರೆ ಸುಮಾರು 261. ಹಬ್ಬ, ಮದುವೆ, ತಿಥಿ, ಗೃಹಪ್ರವೇಶಕ್ಕೆ ಒಂದು 20 ಇಡಿ. ಜ್ವರ, ಬೆನ್ನುನೋವು, ಮಕ್ಕಳ ಶಾಲೆ ಅಂತ ಒಂದು 10. ನಿಜವಾದ ರಜೆ 15. ಉಳಿದದ್ದು 216. ಅದರಲ್ಲಿ ಇನ್‌ವಾಯ್ಸ್ ಬರೆಯುವ ದಿನ, ಪುಕ್ಕಟೆ ಟೆಸ್ಟ್ ಮಾಡಿಕೊಡುವ ದಿನ, ಸಾಫ್ಟ್‌ವೇರ್ ಕೈಕೊಟ್ಟ ದಿನ, ಕೆಲಸವೇ ಬಾರದ ದಿನ ಇವನ್ನೆಲ್ಲ ಕಳೆದರೆ ಕೈಯಲ್ಲಿ 200 ದಿನ ಉಳಿದರೆ ದೊಡ್ಡದು. ಒಬ್ಬರಿಗೆ ವರ್ಷಕ್ಕೆ 6 ಲಕ್ಷ ಬೇಕು, ದಿನಕ್ಕೆ 2000 ಪದ ಮಾಡುತ್ತಾರೆ ಅಂತ ಇಟ್ಟುಕೊಳ್ಳೋಣ. 200 ದಿನದಲ್ಲಿ 6 ಲಕ್ಷ ಬರಬೇಕಾದರೆ ದಿನಕ್ಕೆ 3000 ರೂಪಾಯಿ, ಅಂದರೆ ಪದಕ್ಕೆ ಒಂದೂವರೆ ರೂಪಾಯಿ. ಅದೇ ಮನುಷ್ಯ ಪದಕ್ಕೆ ಒಂದು ರೂಪಾಯಿ ಅಂತ ಒಪ್ಪಿಕೊಂಡರೆ? 6 ಲಕ್ಷಕ್ಕೆ 300 ದಿನ ಕೂರಬೇಕು. ನಡುವಿನ ಐವತ್ತು ಪೈಸೆಯಲ್ಲಿ ಅವರ ಶನಿವಾರ, ದಸರಾ, ಜ್ವರ ಎಲ್ಲ ಇತ್ತು. ದರ ಚೌಕಾಸಿ ಮಾಡುವಾಗ ನಾವು ಬಿಟ್ಟುಕೊಡುವುದು ಇದನ್ನು. ಫೋನಿನಲ್ಲಿ ಎರಡು ನಿಮಿಷದಲ್ಲಿ ನೂರು ದಿನ ಬಿಟ್ಟುಕೊಡುತ್ತೇವೆ.

ಎಲ್ಲರಿಗೂ ಒಂದೂವರೆ ರೂಪಾಯಿ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ನೀವು ಒಪ್ಪುವ ದರ ಎಷ್ಟು ದಿನದ ದುಡಿಮೆ ಕೇಳುತ್ತದೆ ಅಂತ ಒಂದು ಸಲ ಕಾಗದದ ಮೇಲೆ ಭಾಗಿಸಿ ನೋಡಿ ಅಂತ ಮಾತ್ರ.

ನಮಗೆ ಪೆಟ್ಟು ಕೊಡುವ ಇನ್ನೊಂದು ಸಂಗತಿ, ದುಡ್ಡು ತಡವಾಗಿ ಬರುವುದು. ಇನ್‌ವಾಯ್ಸ್ ಕಳಿಸಿ 30 ದಿನ, 45 ದಿನ, ಕೆಲವು ಕಡೆ 60 ದಿನ. ಮೇ ತಿಂಗಳಲ್ಲಿ ರಜೆ ಮಾಡಿದರೆ ಮೇನಲ್ಲಿ ಏನೂ ಅನ್ನಿಸುವುದಿಲ್ಲ. ಮಾರ್ಚ್‌ನ ದುಡ್ಡು ಬರುತ್ತಿರುತ್ತದೆ, ಆರಾಮಾಗಿ ಖರ್ಚು ಮಾಡುತ್ತೇವೆ. ಜುಲೈನಲ್ಲಿ ಖಾತೆ ಖಾಲಿ. ಅಷ್ಟು ಹೊತ್ತಿಗೆ ಮೇ ರಜೆ ಮರೆತಿರುತ್ತದೆ, ‘ಏನೋ ಕೆಲಸ ಕಮ್ಮಿಯಾಗಿದೆ’ ಅಂತ ಗಾಬರಿಯಾಗಿ ಸಿಕ್ಕಿದ ದರಕ್ಕೆಲ್ಲ ಒಪ್ಪಿಕೊಳ್ಳುತ್ತೇವೆ. ರಜೆಯ ಬಿಲ್ಲು ಎರಡು ತಿಂಗಳು ತಡವಾಗಿ ಬರುತ್ತದೆ ಅಂತ ಗೊತ್ತಿದ್ದರೆ ಈ ಗಾಬರಿ ಇರುವುದಿಲ್ಲ.

ಇದಕ್ಕೆ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಮಾಡಿಸಿದವರಿದ್ದಾರೆ. ಚೀಟಿ ಹಾಕಿದವರಿದ್ದಾರೆ. ನನಗೆ ಹಿಡಿಸಿದ್ದು ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆಯ ದಾರಿ. ಇಲ್ಲಿನ ಏಜೆನ್ಸಿಗಳು ಸಾಮಾನ್ಯವಾಗಿ ಶೇಕಡಾ 10 ಹಿಡಿದುಕೊಂಡೇ ಕೊಡುತ್ತವೆ. ತೆರಿಗೆ ಬೀಳದಷ್ಟು ಆದಾಯ ಇರುವವರಿಗೆ ರಿಟರ್ನ್ ಸಲ್ಲಿಸಿದ ಮೇಲೆ ಅದು ರೀಫಂಡ್ ಆಗಿ ಬರುತ್ತದೆ. ಬಂದ ದಿನವೇ ಅದನ್ನು ಬೇರೆ ಖಾತೆಗೆ ಹಾಕಿ, ಅದಕ್ಕೆ ರಜೆಯ ಖಾತೆ ಅಂತ ಹೆಸರಿಡಿ. ಹೇಗೂ ವರ್ಷವಿಡೀ ಅದಿಲ್ಲದೆ ಬದುಕಿರುತ್ತೀರಿ.

ಈ ಸಭೆಯಲ್ಲಿ ಹೆಂಗಸರೇ ಜಾಸ್ತಿ ಇದ್ದೀರಿ. ನಮ್ಮದೊಂದು ಬೇರೆ ತಕರಾರಿದೆ. ಹಬ್ಬದ ದಿನ ಕೆಲಸ ತೆಗೆದುಕೊಳ್ಳಲಿಲ್ಲ ಅಂದರೆ ರಜೆ ಮಾಡಿದೆವು ಅಂತ ಲೆಕ್ಕ. ಯುಗಾದಿಯ ದಿನ ಬೆಳಗ್ಗೆ ನಾಲ್ಕಕ್ಕೆ ಎದ್ದು, ಬಾಗಿಲಿಗೆ ತೋರಣ ಕಟ್ಟಿ, ಹೂರಣ ರುಬ್ಬಿ, ಹೋಳಿಗೆ ತಟ್ಟಿ, ಬಂದವರಿಗೆಲ್ಲ ಬಡಿಸಿ ಮಧ್ಯಾಹ್ನ ಮೂರಕ್ಕೆ ಊಟಕ್ಕೆ ಕೂತರೆ, ಅದಕ್ಕಿಂತ ಬಳಕೆದಾರರ ಕೈಪಿಡಿ ಅನುವಾದವೇ ಹಗುರ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಮಕ್ಕಳಿಗೆ ಬೇಸಿಗೆ ರಜೆ. ನೀವು ಮನೆಯಲ್ಲೇ ಇರ್ತೀರಲ್ಲ ಅಂತ ನಾದಿನಿಯ ಮಕ್ಕಳೂ ಬಂದಿಳಿಯುತ್ತಾರೆ. ಪಾಪ, ಮಕ್ಕಳ ತಪ್ಪೇನಿಲ್ಲ. ಆದರೆ ಆ ಏಳು ವಾರ ಮಧ್ಯಾಹ್ನ ಅಡುಗೆ, ರಾತ್ರಿ ಹನ್ನೊಂದರಿಂದ ಎರಡರವರೆಗೆ ಅನುವಾದ. ಇದನ್ನು ರಜೆ ಅನ್ನುವ ಧೈರ್ಯ ಯಾರಿಗಿದೆ?

ಹಾಗಾಗಿ ಹಬ್ಬವನ್ನು ರಜೆಯ ಲೆಕ್ಕದಿಂದ ಹೊರಗಿಡಿ ಅಂತ ನಾನು ಹೇಳುವುದು. ಹಬ್ಬ ಹಬ್ಬವೇ. ರಜೆ ಮಾಡಬೇಕಾದರೆ ಯಾವ ಹಬ್ಬವೂ ಇಲ್ಲದ, ಮಕ್ಕಳಿಗೆ ಶಾಲೆ ಇರುವ, ನೆಂಟರು ಬಾರದ ವಾರ ನೋಡಿ. ಜುಲೈ ಕೊನೆಗೋ ನವೆಂಬರ್ ನಡುವಿಗೋ ಅಂಥ ವಾರ ಸಿಗುತ್ತದೆ. ಮನೆಯವರಿಗೆ ಇದು ಅರ್ಥವಾಗಲು ಸ್ವಲ್ಪ ಸಮಯ ಬೇಕು. ‘ಹಬ್ಬವೂ ಇಲ್ಲ, ಊರಿಗೂ ಹೋಗಲ್ಲ, ಮತ್ತೆ ಯಾಕೆ ರಜೆ?’ ಅಂತ ಕೇಳುತ್ತಾರೆ. ಕೇಳಲಿ.

ಈಗ ಮೊದಲಿನ ಮಾತಿಗೆ ಬರುತ್ತೇನೆ. ಕಸುಬಿನವರು ಒಟ್ಟಾಗಿ ಬಾಗಿಲು ಹಾಕುವುದು ನಮಗೆ ಸಾಧ್ಯವೇ? ಎಲ್ಲ ಕನ್ನಡ ಅನುವಾದಕರೂ ಅಮಾವಾಸ್ಯೆಗೆ ರಜೆ ಅಂತ ಘೋಷಿಸಲು ಆಗುವುದಿಲ್ಲ. ಘೋಷಿಸಿದರೆ ಚೆನ್ನಾಗಿರುತ್ತಿತ್ತು, ಬಿಡಿ. ನಾವು ಮಂಗಳೂರು, ಧಾರವಾಡ, ಬೆಂಗಳೂರು, ಮುಂಬೈ, ಅಮೆರಿಕ ಅಂತ ಹರಡಿಕೊಂಡಿದ್ದೇವೆ. ಒಬ್ಬರಿಗೊಬ್ಬರು ಮುಖ ನೋಡಿಲ್ಲ. ಆದರೆ ನಾಲ್ಕೈದು ಜನ ಸೇರಿದರೆ ಇನ್ನೊಂದು ದಾರಿ ಇದೆ. ಒಬ್ಬರು ಕ್ರಿಸ್‌ಮಸ್ ಮಾಡುವವರು, ಒಬ್ಬರು ರಂಜಾನ್ ಮಾಡುವವರು, ಒಬ್ಬರು ದಸರೆಗೆ ಮೈಸೂರು ಬಿಡದವರು, ಇನ್ನೊಬ್ಬರು ಯಾವ ಹಬ್ಬಕ್ಕೂ ಅಲ್ಲಾಡದವರು. ಇವರ ರಜೆಗಳು ಒಂದರ ಮೇಲೊಂದು ಬೀಳುವುದೇ ಕಡಿಮೆ. ಒಬ್ಬರು ಹೋದಾಗ ಇನ್ನೊಬ್ಬರು ಅವರ ಕ್ಲೈಂಟ್ ನೋಡಿಕೊಳ್ಳುವುದು.

ಇದರಲ್ಲಿ ಒಂದು ಎಚ್ಚರ ಬೇಕು. ನಾವು ಸಹಿ ಹಾಕಿದ ಗೋಪ್ಯತೆ ಒಪ್ಪಂದಗಳಲ್ಲಿ, ಏಜೆನ್ಸಿಯ ಅನುಮತಿ ಇಲ್ಲದೆ ಕೆಲಸವನ್ನು ಬೇರೆಯವರಿಗೆ ಕೊಡಬಾರದು ಅಂತ ಸಾಮಾನ್ಯವಾಗಿ ಇರುತ್ತದೆ. ಗುಟ್ಟಾಗಿ ಫೈಲ್ ದಾಟಿಸುವುದು ಬೇಡ. ನಿಮ್ಮ ಜೊತೆಗಾರರನ್ನು ಮೊದಲೇ ಏಜೆನ್ಸಿಗೆ ಪರಿಚಯ ಮಾಡಿಸಿ. ಅವರ ಟೆಸ್ಟ್, ಅವರ ಒಪ್ಪಂದ ಎಲ್ಲ ಮುಂಚೆಯೇ ಮುಗಿದಿರಲಿ. ಪದಪಟ್ಟಿ, ಶೈಲಿಯ ಟಿಪ್ಪಣಿ, ಆ ಕ್ಲೈಂಟಿನ ವಿಚಿತ್ರ ಬೇಡಿಕೆಗಳು, ಇವನ್ನೂ ಏಜೆನ್ಸಿಗೆ ತಿಳಿಸಿಯೇ ಕೊಡಿ.

ಎಲ್ಲರ ಮನಸ್ಸಿನಲ್ಲೂ ಇರುವ ಹೆದರಿಕೆ ನನಗೆ ಗೊತ್ತು. ಅವರು ನನ್ನ ಕ್ಲೈಂಟನ್ನು ಹೊಡೆದುಕೊಂಡರೆ? ಹೊಡೆದುಕೊಳ್ಳಬಹುದು. ಆದರೆ ನೀವು ಹೇಳದೆ ಕೇಳದೆ ಮಾಯವಾದರೆ ಏಜೆನ್ಸಿ ಬೇರೊಬ್ಬರನ್ನು ಹುಡುಕಿಯೇ ಹುಡುಕುತ್ತದೆ. ಆ ಬೇರೊಬ್ಬರಿಗೆ ನಿಮ್ಮ ಹೆಸರೂ ಗೊತ್ತಿರುವುದಿಲ್ಲ, ಮುಲಾಜೂ ಇರುವುದಿಲ್ಲ. ಅದಕ್ಕಿಂತ ಮುಂದಿನ ತಿಂಗಳು ತನಗೂ ರಜೆ ಬೇಕಾಗಿರುವ ಗೆಳತಿ ವಾಸಿ.

ಯಂತ್ರಾನುವಾದದ ಬಗ್ಗೆ ಹೇಳದೆ ಮುಗಿಸಿದರೆ ಬೈಯುತ್ತೀರಿ. ಈಗ ಬರುವ ಕೆಲಸದಲ್ಲಿ ಬಹುಪಾಲು ಯಂತ್ರ ಮಾಡಿದ್ದನ್ನು ತಿದ್ದುವುದು. ದರ ಪೂರ್ತಿ ಅನುವಾದದ ಅರ್ಧದ ಆಸುಪಾಸು. ಹಾಗಾಗಿ ದಿನಕ್ಕೆ ಮೊದಲಿಗಿಂತ ಎರಡು ಪಟ್ಟು ಪದ ನೋಡಬೇಕು. ಇದು ಬೇರೆಯೇ ಬಗೆಯ ದಣಿವು. ಸ್ವಂತ ವಾಕ್ಯ ಕಟ್ಟುವಾಗ ಮನಸ್ಸಿಗೆ ಒಂದು ಹುರುಪು ಇರುತ್ತದೆ. ಇನ್ನೊಬ್ಬರ ಸೊಟ್ಟ ವಾಕ್ಯವನ್ನು ನೇರ ಮಾಡುತ್ತಾ ಕೂತರೆ ಆ ಹುರುಪು ಇಲ್ಲ. ವಾರಗಟ್ಟಲೆ ಬಿಡುವಿಲ್ಲದೆ ಮಾಡಿದರೆ ಸೊಟ್ಟ ವಾಕ್ಯ ಸೊಟ್ಟ ಅಂತ ಕಾಣಿಸುವುದೇ ನಿಂತುಹೋಗುತ್ತದೆ. ಔಷಧಿ ಚೀಟಿಯ ಅನುವಾದದಲ್ಲಿ ‘ಊಟಕ್ಕೆ ಮುಂಚೆ’ ಇದ್ದದ್ದು ‘ಊಟದ ನಂತರ’ ಅಂತ ಇದ್ದರೂ ಕಣ್ಣು ದಾಟಿ ಹೋಗುತ್ತದೆ. ಮಾನವ ಕಣ್ಣಿಗಾಗಿಯೇ ದುಡ್ಡು ಕೊಡುತ್ತಿರುವಾಗ, ಆ ಕಣ್ಣಿಗೆ ಬಿಡುವು ಕೊಡುವುದೂ ನಮ್ಮ ಕೆಲಸದ ಭಾಗವೇ. ಏಜೆನ್ಸಿಗೆ ಹೀಗೆಯೇ ಹೇಳಬಹುದು, ಸಂಕೋಚ ಬೇಡ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಮೊದಲ ಪ್ರಶ್ನೆ ಒಬ್ಬ ಯುವಕನದು. ‘ಮೇಡಂ, ನಾನು ಈಗಷ್ಟೇ ಶುರು ಮಾಡಿದ್ದೇನೆ. ಮೊದಲ ವರ್ಷವೇ ರಜೆ ಕೇಳಿದರೆ ಕೆಲಸ ಕೊಡುತ್ತಾರಾ?’

ಮೊದಲ ವರ್ಷ ಎರಡು ವಾರ ಬೇಡ ಅಪ್ಪಾ. ವಾರಕ್ಕೊಂದು ದಿನ ಗಟ್ಟಿ ಮಾಡಿಕೊಳ್ಳಿ. ಭಾನುವಾರವೇ ಆಗಬೇಕಂತಿಲ್ಲ. ಭಾನುವಾರ ಬರುವ ಕೆಲಸಕ್ಕೆ ದರ ಚೆನ್ನಾಗಿದ್ದರೆ ಅದನ್ನು ಮಾಡಿ, ಬುಧವಾರ ರಜೆ ಹಾಕಿ. ಆ ಒಂದು ದಿನ ನೀವು ಸಿಗುವುದಿಲ್ಲ ಅಂತ ಏಜೆನ್ಸಿಗೆ ಅಭ್ಯಾಸವಾದರೆ, ಮುಂದೆ ಎರಡು ವಾರ ಅಂದಾಗ ಅವರಿಗೆ ಹೊಸದು ಅನ್ನಿಸುವುದಿಲ್ಲ.

ನಿವೃತ್ತರೊಬ್ಬರು ಕೇಳಿದರು: ‘ರಜೆಯಲ್ಲಿ ಒಂದು ಕಥೆ ಅನುವಾದ ಮಾಡಿದರೆ ಅದು ರಜೆಯಾ, ಕೆಲಸವಾ?’

ಸರ್, ಈ ಪ್ರಶ್ನೆಗೆ ನಮ್ಮ ಮನೆಯಲ್ಲೇ ಎರಡು ಉತ್ತರ ಇದೆ. ಗಡುವಿಲ್ಲ, ಯಾರೂ ಕೇಳಿಲ್ಲ, ಇಷ್ಟಪಟ್ಟು ಮಾಡುತ್ತಿದ್ದೀರಿ ಅಂದರೆ ನನ್ನ ಪ್ರಕಾರ ಅದು ರಜೆಯೇ. ಪ್ರಕಾಶಕರು ತಾರೀಖು ಕೇಳಿದ ದಿನದಿಂದ ಅದು ಕೆಲಸ. ಆದರೆ ಕುತ್ತಿಗೆ, ಮಣಿಕಟ್ಟು, ಕಣ್ಣಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವಕ್ಕೆ ಕಥೆಯೂ ಒಂದೇ, ವಾಷಿಂಗ್ ಮೆಷಿನ್ ಕೈಪಿಡಿಯೂ ಒಂದೇ. ಹಾಗಾಗಿ ಕೆಲವು ದಿನ ಕಥೆಯನ್ನೂ ಮುಚ್ಚಿಡಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು, ಲ್ಯಾಪ್‌ಟಾಪ್ ತೆರೆದಿಟ್ಟಿದ್ದವರೇ ಕೇಳಿದ್ದು. ‘ರಜೆ ಅಂತ ಗೊತ್ತಿದ್ದೂ ‘ಬರೀ ಇನ್ನೂರು ಪದ, ಅರ್ಜೆಂಟ್’ ಅಂತ ಮೇಲ್ ಮಾಡುತ್ತಾರೆ. ಇಲ್ಲ ಅನ್ನಲು ಕಷ್ಟವಾಗುತ್ತದೆ.’

ಇನ್ನೂರು ಪದ ಇನ್ನೂರೇ ಅಲ್ಲ. ಲ್ಯಾಪ್‌ಟಾಪ್ ಆನ್ ಮಾಡಬೇಕು, ಟೂಲ್ ಅಪ್‌ಡೇಟ್ ಕೇಳುತ್ತದೆ, ಪಾಸ್‌ವರ್ಡ್ ಮರೆತಿರುತ್ತದೆ, ಸೂಚನೆಗಳ ಫೈಲ್ ಹತ್ತು ಪುಟ ಇರುತ್ತದೆ. ಕಳಿಸಿದ ಮೇಲೆ ಎರಡು ಸಲ ತಿದ್ದುಪಡಿ ಬರುತ್ತದೆ. ಹಾಗಾಗಿ ಉತ್ತರವನ್ನು ರಜೆಗೆ ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳಿ. ರಜೆಯ ದಿನ ತೆಗೆದುಕೊಳ್ಳುವ ಕೆಲಸಕ್ಕೆ ಕನಿಷ್ಠ ಶುಲ್ಕ ಇಷ್ಟು, ಒಂದು ಪದವಿದ್ದರೂ ಅಷ್ಟೇ ಅಂತ. ಆ ಮೊತ್ತ ನಿಮ್ಮ ಅರ್ಧ ದಿನದ ದುಡಿಮೆಗಿಂತ ಕಡಿಮೆ ಇರಬಾರದು. ಕಳಿಸಿ ಫೋನ್ ಕೆಳಗಿಡಿ. ಎಷ್ಟೋ ಸಲ ಅರ್ಧ ಗಂಟೆಯಲ್ಲಿ ಅವರಿಗೆ ಬೇರೆ ಯಾರೋ ಸಿಕ್ಕಿರುತ್ತಾರೆ. ಸಿಗದಿದ್ದರೆ ಅರ್ಜೆಂಟ್ ಅಂದದ್ದು ನೀವು ವಾಪಸ್ ಬರುವ ದಿನಕ್ಕೆ ತಾನಾಗೇ ಮುಂದೆ ಹೋಗಿರುತ್ತದೆ. ಒಪ್ಪಿದರೆ, ಆ ದುಡ್ಡಿಗೆ ಇನ್ನೊಂದು ದಿನ ಜಾಸ್ತಿ ಉಳಿದುಕೊಂಡು ಬನ್ನಿ.